ಹೆಜ್ಜೆ ಕಲಿಸಿದವರ ಮೇಲೆ ಬರೆದ ಅರ್ಜಿ

ಅವರು ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿದವರು ಮಾಟುಂಗದ ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂರುವವರು. ಮಲಾಡಿನ ಒಂದು ಹೋಟೆಲಿನ ಹಿಂದಿನ ಶೆಡ್ಡಿನಲ್ಲಿ, ಮಧ್ಯಾಹ್ನದ ಅಡುಗೆ ಮುಗಿಸಿ ಮಲಗಿದವರು ಏಳಲಿಲ್ಲವಂತೆ. ನಾನು ಕೇಳಿದ ಮೊದಲ ಪ್ರಶ್ನೆ, "ಅವರ ಸಾಮಾನು ಯಾರು ಒಯ್ದರು?" ಗಲ್ಲೆಯವರು ನನ್ನನ್ನೊಮ್ಮೆ ನೋಡಿದರು. "ಸಾಮಾನು ಎಂತ ಉಂಟು ಮಾರಾಯ್ರೆ? ಎರಡು ಪಂಚೆ, ಒಂದು ಚಾಪೆ," ಎಂದು ಹೇಳಿ ಮುಂದಿನ ಗಿರಾಕಿಯ ಕಡೆ ತಿರುಗಿದರು.

ಅವರ ವಿಷಯದಲ್ಲಿ ನಾನು ಕೇಳಿದ ಪ್ರಶ್ನೆಗಳೆಲ್ಲ ಈ ಜಾತಿಯವೇ. ಇವರಿಗೇನು ಲಾಭ, ಇದರ ಹಿಂದೆ ಏನಿದೆ, ಇವರ ಕಣ್ಣು ಯಾವುದರ ಮೇಲೆ. ನಾನು ಹುಟ್ಟಿನಿಂದ ಸಂಶಯದವನಲ್ಲ, ಈ ಊರು ಕಲಿಸಿದ್ದು. ನನ್ನ ಅಪ್ಪ ಬಿಜಾಪುರ ಜಿಲ್ಲೆಯಿಂದ ಬಂದು ಇಲ್ಲಿನ ಬಿಲ್ಡಿಂಗುಗಳಿಗೆ ಕಲ್ಲು ಹೊತ್ತವನು. ಓದಲು ಬಾರದ ಅವನಿಂದ ಹೆಬ್ಬೆಟ್ಟು ಒತ್ತಿಸಿಕೊಂಡು, ಕೂಲಿಯಾಳು ತರುವ ಮುಕದ್ದಮರು ಏನೇನು ಕಸಿದುಕೊಂಡರು ಎಂಬುದನ್ನು ನೋಡುತ್ತ ಬೆಳೆದವನು ನಾನು. ಅದಕ್ಕೇ ಹಗಲು ದುಡಿದು, ಸಂಜೆ ಶಾಲೆಗೆ ಹೋಗಿ, ಆಮೇಲೆ ಸಂಜೆ ಕಾಲೇಜಿಗೆ ಹೋಗಿ, ಹನ್ನೊಂದು ವರ್ಷ ಹೆಣಗಿ ಬಿ.ಎ. ಮಾಡಿದೆ. ನಮ್ಮ ವಂಶದಲ್ಲಿ ನನಗಿಂತ ಮುಂಚೆ ಯಾರೂ ತಮ್ಮ ಹೆಸರು ಬರೆದವರಲ್ಲ. ಕಾರಕೂನಿಕೆ ಸಿಕ್ಕ ತಿಂಗಳೇ ಬಾಗಿಲಿಗೆ ಇಂಗ್ಲಿಷಿನಲ್ಲಿ ಒಂದು ಹೆಸರಿನ ಪಾಟಿ ಹಾಕಿಸಿದೆ. ಅದರಲ್ಲಿ ನನ್ನ ಹೆಸರಿಗಿಂತ ಬಿ.ಎ. ಎಂಬ ಅಕ್ಷರಗಳೇ ದಪ್ಪಗಿದ್ದವು.

ಬಾಂದ್ರಾದ ನಮ್ಮ ಚಾಳಿನಲ್ಲಿ, ಒಂದೇ ಗ್ಯಾಲರಿಗೆ ಬಾಗಿಲಿಟ್ಟ ಆ ಒಂಟಿ ಖೋಲಿಗಳಲ್ಲಿ, ಓದಿದವನು ನಾನೊಬ್ಬನೇ. ನಲ್ಲಿಯಲ್ಲಿ ನೀರು ಬಾರದಿದ್ದರೆ, ಮಾಡು ಸೋರಿದರೆ, ಮಾಲಕರಿಗೆ ಹೋಗುವ ಅರ್ಜಿಯನ್ನು ನಾನೇ ಬರೆಯಬೇಕು. ಯಾರಿಗಾದರೂ ಇಂಗ್ಲಿಷ್ ಕಾಗದ ಬಂದರೆ ಅದನ್ನು ಓದಿ ಹೇಳುವವನೂ ನಾನೇ. ಅದರಲ್ಲಿ ನನಗೆ ಬಹಳ ಅಭಿಮಾನವಿತ್ತು, ಈಗಲೂ ಇದೆ.

ಅವರು ನಮ್ಮ ಪಕ್ಕದ ಖೋಲಿಗೆ ಬಂದದ್ದು ಅರವತ್ತೆಂಟರ ಸುಮಾರಿಗೆ. ಖೋಲಿ ಅವರದಲ್ಲ. ಅದು ರತ್ನಾಗಿರಿಗೆ ಮರಳಿ ಹೋದ ಒಬ್ಬ ಗಿರಣಿ ಕಾರ್ಮಿಕನ ಹೆಸರಿನಲ್ಲಿತ್ತು. ಇವರು ಅವನ ಪರಿಚಯದ ಮೇಲೆ ಹಾಗೇ ಉಳಿದುಕೊಂಡವರು. ಅರ್ಧ ಚಾಳು ಹಾಗೇ ಇತ್ತು, ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಉಡುಪಿ ಕಡೆಯವರು, ಐವತ್ತೈದು ದಾಟಿದ ಸಣಕಲು ಆಳು. ಬಹಳ ವರ್ಷ ಹಡಗಿನಲ್ಲಿ ಅಡುಗೆ ಮಾಡಿ, ಈಗ ಮಾಟುಂಗದ ಹೋಟೆಲಿನಲ್ಲಿ ಬೆಳಗಿನ ಪಾಳಿಯ ಅಡುಗೆಗೆ ಸೇರಿದ್ದರು. ಚಾಳಿನವರು ಅವರನ್ನು ಖಲಾಸಿ ಎಂದೇ ಕರೆಯುತ್ತಿದ್ದರು. ಖಲಾಸಿ ಬೇರೆ, ಹಡಗಿನ ಅಡುಗೆಯವನು ಬೇರೆ ಎಂದು ಅವರು ತಿದ್ದಲಿಲ್ಲ. ನನ್ನನ್ನು ಅವರು, ಓದಿದವನೆಂದು, ಮಾಸ್ಟ್ರೇ ಎನ್ನುತ್ತಿದ್ದರು.

ಜನ ಅವರನ್ನು ಗುರುತು ಹಿಡಿಯುತ್ತಿದ್ದದ್ದು ಅವರ ನಡಿಗೆಯಿಂದ. ನಾನು ಜೀವಮಾನದಲ್ಲಿ ಅಷ್ಟು ನಿಧಾನ ನಡೆಯುವ ಗಂಡಸನ್ನು ನೋಡಿಲ್ಲ. ಹಿಮ್ಮಡಿ ಎತ್ತುವುದು, ಪಾದವನ್ನು ಮುಂದೆ ಒಯ್ಯುವುದು, ಇಡುವುದು, ಮೈಯ ಭಾರವನ್ನು ಅದರ ಮೇಲೆ ತರುವುದು, ಒಂದೊಂದೂ ಬೇರೆ ಬೇರೆ ಕೆಲಸ ಎಂಬ ಹಾಗೆ. ರಜೆಯ ದಿನ ಬೆಳಿಗ್ಗೆ ನಲ್ಲಿಯಿಂದ ಎರಡು ಬಕೆಟ್ಟು ಹಿಡಿದು ಗ್ಯಾಲರಿಯಲ್ಲಿ ಬಂದರೆ ಹಿಂದೆ ಏಳೆಂಟು ಹೆಂಗಸರ ಸಾಲು ನಿಲ್ಲುತ್ತಿತ್ತು. "ಅರೇ ಖಲಾಸಿ, ಸಮುಂದರ್ ಮೇ ಚಲ್ ರಹೇ ಹೋ ಕ್ಯಾ?" ಎಂದು ಅವರು ಬೈಯುವರು, ಸಮುದ್ರದಲ್ಲಿ ನಡೆಯುತ್ತಿದ್ದೀಯೇನು ಎಂದು. ಇವರು ಗೋಡೆಗೆ ಸರಿದು ದಾರಿ ಬಿಡುವರು. ಮುಂದೆ ಓಡಿದವರ ಬಕೆಟ್ಟಿನಿಂದ ನೀರು ಗ್ಯಾಲರಿಯ ಉದ್ದಕ್ಕೂ ಚೆಲ್ಲಿರುತ್ತಿತ್ತು. ಇವರ ಬಕೆಟ್ಟಿನ ನೀರು ಅಲುಗುತ್ತಿರಲಿಲ್ಲ.

ಈ ನಡಿಗೆಯನ್ನು ಕಲಿತದ್ದು ರಂಗೂನಿನಲ್ಲಂತೆ. ಹಡಗು ರಿಪೇರಿಗೆಂದು ಅಲ್ಲಿ ಎಂಟು ತಿಂಗಳು ನಿಂತಿತ್ತು. ಬಂದರಿನ ಹತ್ತಿರದ ಬೌದ್ಧ ಮಠದಲ್ಲಿ ಸಂಸಾರಸ್ಥರಿಗೂ ಕಲಿಸುತ್ತಿದ್ದರು. "ಅನ್ನ ಕೊಡ್ತಾರೆ ಅಂತ ಹೋದದ್ದು," ಎಂದು ಅವರೇ ಹೇಳಿದ್ದರು. "ಅವರು ಅನ್ನವೂ ಕೊಟ್ರು, ನಡೆಯಲಿಕ್ಕೂ ಹೇಳಿದ್ರು."

ಹೋಟೆಲಿನಲ್ಲಿ ಯಾರಾದರೂ ಸಾಂಬಾರು ಚೆನ್ನಾಗಿತ್ತೆಂದರೆ, "ಬೇಳೆ ಒಳ್ಳೆಯದಿತ್ತು," ಎನ್ನುವರು. ಇಷ್ಟು ವಿನಯ ನನಗೆ ಹಿಡಿಸುತ್ತಿರಲಿಲ್ಲ. ಹೊಗಳಿಕೆಯನ್ನು ಬೇಡವೆನ್ನುವವರು ಎರಡನೆಯ ಸಲ ಹೊಗಳಿಸಿಕೊಳ್ಳಲು ಕಾಯುತ್ತಿರುತ್ತಾರೆ ಎಂಬುದು ನನ್ನ ಆಫೀಸಿನ ಅನುಭವ.

ಒಂದು ಶನಿವಾರ ಮಧ್ಯಾಹ್ನ ಅವರು ಹೊರಟಾಗ ಹಿಂದೆಯೇ ನಾನೂ ಹೊರಟೆ. ಅಷ್ಟು ನಿಧಾನ ಹೋಗುವವರನ್ನು ಹಿಂಬಾಲಿಸುವುದು ಬಹಳ ಕಷ್ಟ. ಹತ್ತು ಹೆಜ್ಜೆಗೊಮ್ಮೆ ಯಾವುದಾದರೂ ಅಂಗಡಿಯ ಮುಂದೆ ನಿಲ್ಲಬೇಕಾಗುತ್ತಿತ್ತು. ಬೇಡದ ಒಂದು ಬಾಚಣಿಗೆಯನ್ನೂ ಕೊಂಡೆ. ಅವರು ಮಾಹಿಮಿನ ಸಮುದ್ರದ ದಂಡೆಗೆ ಹೋದರು. ಮರಳಿನ ಮೇಲೆ ಸುಮಾರು ನಲವತ್ತು ಹೆಜ್ಜೆ ಹೋಗುವುದು, ನಿಲ್ಲುವುದು, ತಿರುಗುವುದು, ಮತ್ತೆ ನಲವತ್ತು ಹೆಜ್ಜೆ ಬರುವುದು. ಒಂದು ತಾಸು ಇದೇ. ಆಮೇಲೆ ಮನೆಗೆ ಬಂದರು. ಆ ಕಾಲದಲ್ಲಿ ಆ ದಂಡೆಗೆ ದೋಣಿಗಳಲ್ಲಿ ಬಂಗಾರದ ಬಿಸ್ಕೀಟು ಬಂದಿಳಿಯುತ್ತದೆ ಎಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು. ಹಡಗಿನಲ್ಲಿ ತಿರುಗಿ ಬಂದವರು ಅಲ್ಲಿ ಹೆಜ್ಜೆ ಎಣಿಸುತ್ತಾರೆಂದರೆ ನಾನೇನು ತಿಳಿಯಬೇಕು? ಎಲ್ಲಿಗೂ ತಲುಪದೆ ಒಂದು ತಾಸು ನಡೆಯುವವರು ಇರಬಹುದೆಂದು ನನಗೆ ಹೊಳೆಯಲೇ ಇಲ್ಲ.

ಮರುವರ್ಷ ಅವ್ವನಿಗೆ ಲಕ್ವಾ ಹೊಡೆಯಿತು. ಎಡಗೈ, ಎಡಗಾಲು ಬಿದ್ದುಹೋದವು. ಎರಡು ತಿಂಗಳಲ್ಲಿ ಕೈ ಸ್ವಲ್ಪ ತಿರುಗಿತು, ಕಾಲು ತಿರುಗಲಿಲ್ಲ. ಚಾಳಿನಲ್ಲಿ ಸಂಡಾಸು ಗ್ಯಾಲರಿಯ ಕೊನೆಗೆ, ನಮ್ಮ ಬಾಗಿಲಿನಿಂದ ಮೂವತ್ತೊಂದು ಹೆಜ್ಜೆ. ಖೋಲಿಯೊಳಗೇ, ಪರದೆಯ ಹಿಂದೆ, ಪಾತ್ರೆಯಲ್ಲಿ ಅವ್ವನದನ್ನು ನನ್ನ ಹೆಂಡತಿ ಎತ್ತುತ್ತಿದ್ದಳು. ಜೀವನವಿಡೀ ತಲೆಯ ಮೇಲೆ ಬುಟ್ಟಿ ಹೊತ್ತು ದುಡಿದ ಹೆಂಗಸಿಗೆ ಇದು ಸಾಯುವುದಕ್ಕಿಂತ ಕಡೆಯಾಯಿತು. ಅವಳು ಚಹಾ ಬಿಟ್ಟಳು. ಆಮೇಲೆ ನೀರು ಕುಡಿಯುವುದನ್ನೂ ಬಿಟ್ಟಳು. ತುಟಿ ಒಡೆದು ರಕ್ತ ಬರುತ್ತಿತ್ತು. "ನೀರು ಕುಡಿ ಅವ್ವಾ," ಎಂದರೆ ಗೋಡೆಯ ಕಡೆ ತಿರುಗುವಳು. "ನನ್ನ ಕಾಲಮ್ಯಾಲ ನಾ ಸಂಡಾಸಕ್ಕ ಹೋಗೂ ತನಕಾ ನನಗ ನೀರ ಬ್ಯಾಡ," ಎನ್ನುವಳು. ಡಾಕ್ಟರು, ಹೀಗಾದರೆ ಬಹಳ ದಿನ ಉಳಿಯುವುದಿಲ್ಲ ಎಂದರು.

ಖಲಾಸಿ ಒಳಗೆ ಬಂದದ್ದು ಆಗ. ಬೆಳಗಿನ ಪಾಳಿ ಮುಗಿದು ಮಧ್ಯಾಹ್ನ ಎರಡರ ಮೇಲೆ ಅವರಿಗೆ ಬಿಡುವು. ನಾನು ಆಫೀಸಿನಲ್ಲಿರುವ ಹೊತ್ತು. ಹೆಂಡತಿ ಸಂಜೆ ಹೇಳುವವರೆಗೂ ನನಗೆ ಗೊತ್ತಿರಲಿಲ್ಲ.

"ಅತ್ತಿಯವರನ್ನ ನಿಂದರಿಸ್ಯಾರ," ಎಂದಳು. "ಗ್ವಾಡಿ ಹಿಡದು ನಿಂತ್ರು."

"ಯಾರನ್ನ ಕೇಳಿ?"

"ಅತ್ತಿಯವರನ್ನ ಕೇಳಿ," ಎಂದಳು ಅವಳು. ನನ್ನ ಹೆಂಡತಿ ಕಡಿಮೆ ಮಾತಿನವಳು.

ಮುಂದಿನ ಶನಿವಾರ ಅರ್ಧ ದಿನದ ಆಫೀಸು ಮುಗಿಸಿ ಬಂದು ಬಾಗಿಲಲ್ಲೇ ನಿಂತು ನೋಡಿದೆ. ಅವ್ವ ಒಂದು ಕೈ ಗೋಡೆಗೆ ಕೊಟ್ಟು ನಿಂತಿದ್ದಳು. ಅವರು ಪಕ್ಕದಲ್ಲಿದ್ದರು, ಮುಟ್ಟಿರಲಿಲ್ಲ.

"ಬೀಳ್ತೀನೋ ಯಣ್ಣಾ," ಎಂದಳು ಅವ್ವ.

"ಬೀಳ್ತೇನೆ ಅಂತ ಹೆದರುವುದು ಕಾಲು ಅಲ್ಲ ಅಮ್ಮ. ಕಾಲಿಗೆ ಹೆದರಿಕೆ ಗೊತ್ತಿಲ್ಲ. ಅದನ್ನು ಅದರಷ್ಟಕ್ಕೆ ಬಿಡಿ. ಹಿಮ್ಮಡಿ ಎದ್ದಿತಾ? ಎದ್ದಿತು. ಪಾದ ಹೋಯಿತಾ? ಹೋಯಿತು. ಇಳಿಯಿತಾ? ಅಷ್ಟೇ. ನಡುವಿನಲ್ಲಿ ಈ ನಾನು ನಾನು ಅನ್ನುವುದು ಎಲ್ಲಿಂದ ಬಂತು? ಹುಡುಕಿ ನೋಡಿ, ಸಿಗುವುದಿಲ್ಲ."

"ನಾ ಇಲ್ಲಂದ್ರ ಸಂಡಾಸಕ್ಕ ಹೋಗಾಂವ್ರ ಯಾರೋ?" ಎಂದಳು ಅವ್ವ.

ಅವರು ನಕ್ಕರು. ಅವ್ವನೂ ನಕ್ಕಳು. ಲಕ್ವಾ ಹೊಡೆದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಸಂತೋಷವಾಗಬೇಕಿತ್ತು, ಸಿಟ್ಟು ಬಂತು. 'ನಾನು' ಎಂಬುದು ಇಲ್ಲವೇ ಇಲ್ಲ ಎಂದು ಯಾರು ಹೇಳಬಹುದು? ಅಪ್ಪನಿಂದ ಬಂದ ಹೆಸರು, ಭೂಮಿ, ಹಣ ಇದ್ದವರು ಹೇಳಬಹುದು. ನಾನು ಏನೂ ಇಲ್ಲದ ಕಡೆಯಿಂದ ಹನ್ನೊಂದು ವರ್ಷ ತೆಗೆದುಕೊಂಡು ಒಂದು 'ನಾನು' ಕಟ್ಟಿದವನು. ಅದು ನಮ್ಮ ಬಾಗಿಲಿನ ಮೇಲೆಯೇ ಇತ್ತು. ನನ್ನ ಮನೆಯೊಳಗೆ ನಿಂತು, ನನ್ನ ಅವ್ವನಿಗೆ, ಅದು ಇಲ್ಲವೆಂದು ಕಲಿಸಲು ಇವರು ಯಾರು?

ಅವರನ್ನು ಗ್ಯಾಲರಿಗೆ ಕರೆದು ಕೇಳಿಯೂಬಿಟ್ಟೆ. "ನಿಮಗೆ ಇದರಿಂದ ಏನು?"

ಅವರು ಯೋಚಿಸಿದರು. ನಿಜವಾಗಿ ಯೋಚಿಸಿದರು. "ಎಂತ ಇಲ್ಲ ಮಾಸ್ಟ್ರೇ. ನಾನು ಹೇಗೂ ನಡೆಯುವುದು. ಅವರೂ ಜೊತೆಗೆ ನಡೀತಾರೆ."

ಏನೂ ಇಲ್ಲ ಎನ್ನುವವರ ಬಗ್ಗೆ ಹೆಚ್ಚು ಎಚ್ಚರಿಕೆ ಬೇಕೆಂದು ನನ್ನ ಅಪ್ಪನ ಬಾಳು ನನಗೆ ಕಲಿಸಿತ್ತು. ಒಂದು ವಿಷಯ ನನ್ನನ್ನು ಕೊರೆಯತೊಡಗಿತು. ಅಪ್ಪ ತೀರಿಕೊಂಡ ಮೇಲೆ ನಮ್ಮ ಖೋಲಿ ಅವ್ವನ ಹೆಸರಿನಲ್ಲಿತ್ತು. ಅವ್ವನಿಗೆ ಓದಲು ಬಾರದು. ಇವರಿಗೆ ಸ್ವಂತ ಖೋಲಿ ಇಲ್ಲ. ನಾನಿಲ್ಲದ ಹೊತ್ತಿನಲ್ಲಿ ಬರುತ್ತಾರೆ.

ಆರು ವಾರದಲ್ಲಿ ಅವ್ವ ಗೋಡೆ ಬಿಟ್ಟು ಏಳು ಹೆಜ್ಜೆ ಹಾಕಿದಳು. ನೀರು ಕುಡಿಯಲು ಶುರುಮಾಡಿದ್ದಳು. ಆ ವಾರವೇ ಒಂದು ಸಂಜೆ ನಾನು ಬಂದು ಅವಳಿಗೆ ಚಹಾ ಕೊಡುವಾಗ ನೋಡಿದೆ, ಅವಳ ಬಲಗೈ ಹೆಬ್ಬೆರಳಿನ ಮೇಲೆ ನೀಲಿ ಶಾಯಿ. ತೊಳೆದರೂ ಹೋಗದೆ ಉಗುರಿನ ಸಂದಿಯಲ್ಲಿ ಉಳಿದಿತ್ತು.

"ಇದೇನವ್ವಾ? ಎಲ್ಲಿ ಒತ್ತಿದಿ?"

"ಏನಿಲ್ಲ ಬಿಡು," ಎಂದು ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

ಹೆಂಡತಿಯನ್ನು ಕೇಳಿದೆ. ಅವಳು ಮಧ್ಯಾಹ್ನ ರೇಶನ್ ಕ್ಯೂನಲ್ಲಿದ್ದಳು, ನೋಡಿಲ್ಲ. ಅಂದು ಊಟಕ್ಕೆ ಮುಂಚೆಯೇ ಕಾಗದ ತೆಗೆದುಕೊಂಡು ಕೂತೆ. ಮಾಲಕರಿಗೆ ಇಂಗ್ಲಿಷಿನಲ್ಲಿ ಒಂದು ಅರ್ಜಿ ಬರೆದೆ. ಇಂತಿಂಥ ಖೋಲಿಯಲ್ಲಿ ಅಧಿಕಾರವಿಲ್ಲದೆ ಒಬ್ಬರು ವಾಸವಾಗಿದ್ದಾರೆ, ಹಡಗಿನಿಂದ ಬಂದವರು, ಸಮುದ್ರದ ದಂಡೆಯಲ್ಲಿ ಅವರ ಓಡಾಟ ಸಂಶಯಕ್ಕೆ ಎಡೆಕೊಡುತ್ತದೆ, ಓದುಬರಹವಿಲ್ಲದ ಮುದುಕಿಯರನ್ನು ಧರ್ಮದ ಹೆಸರಿನಲ್ಲಿ ಒಲಿಸಿಕೊಳ್ಳುತ್ತಿದ್ದಾರೆ ಎಂದು. ಡಿಕ್ಷನರಿ ತೆರೆದು ಒಳ್ಳೆಯ ಪದಗಳನ್ನು ಹುಡುಕಿ ಹಾಕಿದೆ. ಕೆಳಗೆ ಹೆಸರು ಹಾಕಲಿಲ್ಲ, 'ಹಿತೈಷಿ' ಎಂದು ಬರೆದೆ. ಬೆಳಿಗ್ಗೆ ಆಫೀಸಿಗೆ ಹೋಗುವಾಗ ಅಂಚೆಗೆ ಹಾಕಿದೆ.

ನಾಲ್ಕು ದಿನದ ಮೇಲೆ ಅವ್ವ ನನ್ನನ್ನು ಕರೆದಳು. ಹಾಸಿಗೆಯ ಕೆಳಗಿಂದ ಹಳೆಯ ಪೇಪರಿನ ಒಂದು ಕಟ್ಟು ತೆಗೆಸಿದಳು. ಪ್ರತಿಯೊಂದು ಹಾಳೆಯ ಮೇಲೂ ನೀಲಿ ಪಾದದ ಗುರುತು. ಮೊದಲಿನವುಗಳಲ್ಲಿ ಬರೀ ಹೆಬ್ಬೆರಳಿನ ಎಳೆದ ಗೀಟು. ಆಮೇಲೆ ಅರ್ಧ ಪಾದ. ಕೊನೆಯ ಹಾಳೆಯಲ್ಲಿ ಹಿಮ್ಮಡಿಯಿಂದ ಐದು ಬೆರಳುಗಳವರೆಗೆ ಪೂರ್ತಿ ಎಡಪಾದ.

"ಕಾಲು ಪೂರಾ ನೆಲಕ್ಕ ಹತ್ತೇತೋ ಇಲ್ಲೋ ನನಗ ತಿಳೀತಿದ್ದಿಲ್ಲ. ಮರಗಟ್ಟೇತಲ್ಲ. ಅದಕ ಅಣ್ಣ ಅಂದ, ಅಂಗಾಲಿಗಿ ಶಾಯಿ ಹಚ್ಚಿ ನೋಡ್ರಿ ಅಂತ. ನಿನ್ನ ದೌತಿ ಶಾಯಿನ ತಗೊಂಡೆ. ಮುಚ್ಚಳಾ ತಗಿಯೂದ್ರಾಗ ಕೈಗೂ ಹತ್ತಿತು. ಬೈತೀಯಂತ ಹೇಳಿದ್ದಿಲ್ಲ. ಪೂರಾ ಪಾದ ಮೂಡಿದ ದಿನ ತೋರಸಬೇಕಂತ ಇಟ್ಟಿದ್ದೆ."

ನಾನು ಆ ಹಾಳೆಯನ್ನು ಹಿಡಿದುಕೊಂಡು ಕೂತೆ. ಮರುದಿನವೇ ದಾದರಿಗೆ, ಮಾಲಕರ ಲೆಕ್ಕಪತ್ರ ನೋಡುವ ಮುನೀಮರ ಬಳಿ ಹೋಗಿ, ಆ ಅರ್ಜಿ ತಪ್ಪು, ಹರಿದು ಹಾಕಿ ಎನ್ನಬಹುದಿತ್ತು. ಹೋಗಲಿಲ್ಲ. ಹೋದರೆ ಬರೆದವನು ನಾನೆಂದು ತಿಳಿಯುತ್ತದೆ. ಅದೂ ಅಲ್ಲದೆ ಈ ಪಾದದ ಗುರುತುಗಳೂ ಒಂದು ನೆಪವಿರಬಹುದು, ನಂಬಿಕೆ ಗಳಿಸುವ ದಾರಿ ಇರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಸಂಶಯಕ್ಕೆ ಕಾರಣ ಬೇಕೆಂದರೆ ಎಷ್ಟು ಬೇಕಾದರೂ ಸಿಗುತ್ತವೆ.

ಮೂರು ವಾರ ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಅವರು ನಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ಒಂದು ಕಾಗದ.

"ಮಾಸ್ಟ್ರೇ, ಮುನೀಮರು ಕೊಟ್ರು. ಇಂಗ್ಲಿಷಿನಲ್ಲಿ ಉಂಟು. ಸ್ವಲ್ಪ ಓದಿ ಹೇಳ್ತೀರಾ?"

ಅದು ನೋಟೀಸು. ಹದಿನೈದು ದಿನದೊಳಗೆ ಖೋಲಿ ಬಿಡಬೇಕು. ಕಾರಣ ಎಂದು ಕೊಟ್ಟಿದ್ದ ಸಾಲುಗಳು ನನ್ನವೇ, ನಾನು ಡಿಕ್ಷನರಿಯಿಂದ ಆರಿಸಿದ ಪದಗಳೇ ಹಾಗೆಯೇ ಟೈಪಾಗಿ ಬಂದಿದ್ದವು. ನಾನು ಒಂದೊಂದನ್ನೂ ಕನ್ನಡದಲ್ಲಿ ಹೇಳಬೇಕಾಯಿತು. ಅವ್ವ ಹಾಸಿಗೆಯಲ್ಲಿ ಕೂತು ಕೇಳುತ್ತಿದ್ದಳು. 'ಮುದುಕಿಯರನ್ನು ಒಲಿಸಿಕೊಳ್ಳುತ್ತಿದ್ದಾರೆ' ಎಂಬಲ್ಲಿ ಅವಳು, "ಯಾಂವ ಬರದಾನೋ, ಅವನ ಕೈ ಸೇದಿಹೋಗ್ಲಿ," ಎಂದಳು.

"ಹಾಗೆಲ್ಲ ಹೇಳಬಾರದು ಅಮ್ಮ," ಎಂದರು ಅವರು. ನನ್ನ ಕಡೆ ತಿರುಗಿ, "ಜವಾಬು ಬರೀಬೇಕಲ್ಲ? ನೀವೇ ಬರೆದುಕೊಡಿ," ಎಂದರು.

ಬರೆದೆ. ನಾನು ಬರೆದ ಇಂಗ್ಲಿಷಿನಲ್ಲೆಲ್ಲ ಅದೇ ಚೆನ್ನಾಗಿದ್ದದ್ದು. ಅವರು ಸಾಧು ಮನುಷ್ಯರು, ದುಡಿದು ತಿನ್ನುವವರು, ಲಕ್ವಾ ಹೊಡೆದ ಒಬ್ಬ ವೃದ್ಧೆಯನ್ನು ನಡೆಸುತ್ತಿದ್ದಾರೆ, ಆಕೆ ಇನ್ನೂ ಪೂರ್ತಿ ನಡೆಯುವುದಿಲ್ಲ, ದಯವಿಟ್ಟು ಇರಲು ಬಿಡಿ ಎಂದು. ನಾನೇ ದಾದರಿಗೆ ಒಯ್ದು ಕೊಟ್ಟೆ. ಮುನೀಮರು ಬಿಡಿಸಿ ನೋಡಿ ಕನ್ನಡಕ ಸರಿಮಾಡಿಕೊಂಡರು. ಕಪಾಟಿನಿಂದ ಇನ್ನೊಂದು ಕಾಗದ ತೆಗೆದು ಇದರ ಪಕ್ಕಕ್ಕಿಟ್ಟರು. ನನ್ನ ಅರ್ಜಿ. ಎರಡರಲ್ಲೂ ಅದೇ ಅಕ್ಷರ.

"ಶಿಕಾಯತ್ ಭೀ ಆಪ್ ಕೀ, ಜವಾಬ್ ಭೀ ಆಪ್ ಕಾ," ಎಂದರು. ದೂರೂ ನನ್ನದೇ, ಉತ್ತರವೂ ನನ್ನದೇ. "ಬಿ.ಎ. ಸಾಹಬ್, ಆಠ್ ಸಾಲ್ ಸೇ ಆಪ್ ಕಾ ಅಕ್ಷರ್ ದೇಖ್ ರಹಾ ಹೂಂ. ನಲ್, ಛತ್, ಸಂಡಾಸ್, ಸಬ್ ಮೇ ಆಪ್ ಹೀ."

ಚಾಳಿನಿಂದ ಹೋದ ಪ್ರತಿ ಅರ್ಜಿಯೂ ನನ್ನ ಕೈಬರಹದಲ್ಲಿತ್ತು ಎಂಬುದನ್ನು, ಅದರ ಬಗ್ಗೆ ಅಷ್ಟು ಅಭಿಮಾನವಿದ್ದ ನಾನೇ ಮರೆತಿದ್ದೆ. ಹೆಸರು ಬಿಟ್ಟರೆ ಸಾಕೆಂದು ತಿಳಿದಿದ್ದೆ.

"ಖಲಾಸಿಗೆ ಗೊತ್ತೇ?" ಎಂದು ಹಿಂದಿಯಲ್ಲಿ ಕೇಳಿದೆ.

"ನೋಟೀಸ್ ದೇತೇ ವಕ್ತ್ ಮೈನೇ ಹೀ ಬತಾಯಾ." ನೋಟೀಸು ಕೊಡುವಾಗ ತಾವೇ ಹೇಳಿದ್ದರಂತೆ. ಖೋಲಿಯ ವಿಷಯ ಎತ್ತಿದ್ದಕ್ಕೆ ಮುನೀಮರು ಇಲ್ಲವೆಂದು ಕೈಯಾಡಿಸಿದರು. ಒಮ್ಮೆ ಮಾಲಕರ ಕಿವಿಗೆ ಬಿದ್ದ ಮೇಲೆ ಇನ್ನೇನೂ ಆಗದು.

ಅಂದರೆ ಗೊತ್ತಿದ್ದೇ ಅವರು ನನ್ನ ಬಾಗಿಲಿಗೆ ಬಂದಿದ್ದರು. ದಾರಿಯುದ್ದಕ್ಕೂ ಅದನ್ನೇ ತಿರುವಿ ತಿರುವಿ ನೋಡಿದೆ. ನನ್ನಿಂದಲೇ ಓದಿಸಿ ನನ್ನ ಮುಖ ನೋಡಲು ಬಂದರೇ? ಅವ್ವನ ಎದುರಿನಲ್ಲಿ ನನ್ನನ್ನು ಹಿಂಡಲೇ? ಮನೆಗೆ ಬಂದವನೇ ಅವರ ಖೋಲಿಗೆ ಹೋಗಿ, ಬಾಗಿಲು ಮುಂದೆ ಮಾಡಿ, ಕೇಳಿದೆ. "ಗೊತ್ತಿದ್ದೂ ನನ್ನ ಹತ್ತಿರ ಯಾಕೆ ತಂದಿರಿ?"

ಅವರು ಚಾಪೆ ಸುತ್ತುತ್ತಿದ್ದರು. "ಇಲ್ಲಿ ಬೇರೆ ಯಾರಿಗೆ ಇಂಗ್ಲಿಷ್ ಬರ್ತದೆ ಮಾಸ್ಟ್ರೇ?"

"ಸಿಟ್ಟು ಬರಲಿಲ್ಲವೇ?"

"ಬಂದಿತ್ತು. ದಾದರಿನಿಂದ ನಡೆದುಕೊಂಡು ಬಂದೆ. ಮೊದಲಿಗೆ ಕಾಲು ಬೇಗ ಬೇಗ ಹೋಗ್ತಿತ್ತು. ಯಾಕೆ ಅಂತ ನೋಡಿದೆ. ನನಗೆ ಹೀಗೆ ಮಾಡಿದ, ನನಗೆ ಹೀಗೆ ಮಾಡಿದ ಅಂತ ಒಳಗೆ ಒಂದು ಕೂಗಾಡ್ತಾ ಇತ್ತು. ಅದು ಯಾರು ಅಂತ ನೋಡ್ತಾ ಬಂದೆ. ಸ್ಟೇಷನ್ ದಾಟುವಾಗ ಇರಲಿಲ್ಲ." ಚಾಪೆಗೆ ಹಗ್ಗ ಸುತ್ತುತ್ತ, "ಪುನಃ ಬರ್ತದೆ. ಬಂದರೆ ಪುನಃ ನಡೆಯುವುದು," ಎಂದರು.

ನಾನು ಕ್ಷಮಿಸಿ ಎನ್ನಲಿಲ್ಲ. ಬಾಯಿಗೆ ಬಂದಿತ್ತು. ಆದರೆ ಒಂದು ಸಲ ಆ ಮಾತು ಆಡಿದರೆ ಅದಕ್ಕೆ ಬದಲಾಗಿ ಏನಾದರೂ ಕೇಳಿಯಾರು ಎಂಬ ಅನುಮಾನ ಆಗಲೂ ಬಿಡಲಿಲ್ಲ.

ಮಲಾಡಿನ ಒಂದು ಹೋಟೆಲಿನಲ್ಲಿ ಅವರಿಗೆ ಕೆಲಸವೂ ಮಲಗಲು ಜಾಗವೂ ಸಿಕ್ಕಿತು. ಹೋಗುವ ದಿನ ಅವರು ಕೇಳಿದ್ದು ಒಂದೇ. ನಾನು ಗ್ಯಾಲರಿಯಲ್ಲಿ ಹತ್ತು ನಿಮಿಷ ನಿಲ್ಲಬೇಕೆಂದರು. ಅವ್ವ ಆಗ ಹತ್ತೊಂಬತ್ತು ಹೆಜ್ಜೆ ಹಾಕುತ್ತಿದ್ದಳು. ನಾನು ಎಲ್ಲಿ ನಿಲ್ಲಬೇಕೆಂದು ತೋರಿಸಿದರು. ಎಡಕ್ಕೆ, ಅರ್ಧ ಹೆಜ್ಜೆ ಹಿಂದೆ, ಎರಡೂ ಕೈ ಖಾಲಿ.

"ಹಿಡಿಯಬೇಡಿ. ಜಾಗ್ರತೆ ಅಂತಲೂ ಹೇಳಬೇಡಿ. ಹೇಳಿದರೆ ಅವರಿಗೆ ಅವರದ್ದೇ ನೆನಪು ಬರ್ತದೆ, ಕಾಲು ನಿಲ್ತದೆ. ನೀವೂ ಅದೇ ಹೆಜ್ಜೆ ಹಾಕಿ. ಅವರನ್ನು ನಡೆಸ್ತೇನೆ ಅಂತ ಎಣಿಸಬೇಡಿ."

ಎರಡು ತಿಂಗಳು, ದಿನವೂ ಬೆಳಿಗ್ಗೆ ಆಫೀಸಿಗೆ ಮುಂಚೆ, ನಾನು ಅವ್ವನ ಎಡಕ್ಕೆ ಅರ್ಧ ಹೆಜ್ಜೆ ಹಿಂದೆ ನಡೆದೆ. ನಲ್ಲಿಯ ಹೆಂಗಸರು ಈಗ ನನ್ನನ್ನು ಬೈಯುತ್ತಿದ್ದರು. ಗಡಿಯಾರ ನೋಡಿಕೊಂಡು ನಡೆದ ದಿನ ಅವ್ವ ಎಡವುತ್ತಿದ್ದಳು. ಲೋಕಲ್ ತಪ್ಪಿದರೆ ತಪ್ಪಲಿ ಎಂದುಕೊಂಡ ದಿನ ಎಡವುತ್ತಿರಲಿಲ್ಲ. ಅದು ಹೇಗೆಂದು ನನಗೆ ಈಗಲೂ ಗೊತ್ತಿಲ್ಲ. ಕೊನೆಗೆ ಒಂದು ಸೋಮವಾರ ಮೂವತ್ತೊಂದೂ ಹೆಜ್ಜೆ ಮುಗಿಸಿ ಒಳಗೆ ಹೋಗಿ ಅಗಳಿ ಹಾಕಿಕೊಂಡಳು. ಒಳಗಿನಿಂದ ಅವ್ವನ ದನಿ ಬಂತು, "ಇನ್ನ ಯಾಕ ನಿಂತೀಯೋ? ಹೋಗು."

ಅಂದು ಸಂಜೆ ಅವ್ವ, "ಮಲಾಡಕ್ಕ ಒಂದು ಕಾರ್ಡು ಬರಿ. ಅಣ್ಣಗ ತಿಳಿಸು," ಎಂದಳು. ಬರೆಯುತ್ತೇನೆ ಎಂದೆ. ಮಾಲಕರಿಗೆ, ಮುನ್ಸಿಪಾಲ್ಟಿಗೆ, ಎಲ್ಲರ ಊರುಗಳಿಗೆ ಬರೆದವನು ಆ ಒಂದು ಕಾರ್ಡು ಬರೆಯಲಿಲ್ಲ. ವಾರ ಬಿಟ್ಟು ಅವಳು ಕೇಳಿದಾಗ ಹಾಕಿದೆ ಎಂದೆ. ಬಾಂದ್ರಾದಿಂದ ಮಲಾಡಿಗೆ ಲೋಕಲಿನಲ್ಲಿ ಎಷ್ಟು ದೂರ? ಏಳು ವರ್ಷದಲ್ಲಿ ಒಮ್ಮೆಯೂ ಹೋಗಲಿಲ್ಲ.

ಮೊನ್ನೆ ಮಾಟುಂಗದಿಂದ ಬಂದು ಅವ್ವನಿಗೆ ಸುದ್ದಿ ಹೇಳಿದೆ. ಅವಳು ಹೊಸ್ತಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಒಂದು ಕಲ್ಲು ಹೆಕ್ಕಿ ಹೊರಗೆಸೆದಳು. ಆಮೇಲೆ, "ನಾ ಸಂಡಾಸಕ್ಕ ನಡದ್ನೆಂಬೂದು ಅಂವಗ ತಿಳಿದಿತ್ತಲ್ಲ?" ಎಂದಳು.

"ಬರೆದಿದ್ದೆನಲ್ಲ."

"ಏನಂತ ಬರದಿದ್ದಿ, ಹೇಳು."

"ಅವ್ವ ಮೂವತ್ತೊಂದು ಹೆಜ್ಜಿ ತಾನ ನಡದಳು ಅಂತ."

"ಮತ್ತ?"

ನಾನು ತಟ್ಟೆಯ ಅಕ್ಕಿಯನ್ನು ನೋಡುತ್ತ ಹೇಳಿದೆ. "ಮಾಲಕರಿಗೆ ಆ ಅರ್ಜಿ ಬರದಾಂವ ನಾನ, ನಿಮ್ಮ ಖೋಲಿ ಕಳದಾಂವ ನಾನ, ತಪ್ಪಾತು ಅಂತ."

ಅವ್ವನ ಬೆರಳುಗಳು ಅಕ್ಕಿಯಲ್ಲಿ ನಿಂತವು. ನನ್ನ ಮುಖವನ್ನು ನೋಡಿದಳು. ನಾನು ಜೀವಮಾನವಿಡೀ ಊರಮಂದಿಯನ್ನು ನೋಡಿದ ಹಾಗೆ ನೋಡಿದಳು.

"ಅಂಥಾ ಕಾಗದಕ್ಕ ಅಂವ ಜವಾಬು ಬರೀದ ಇರಾಂವಲ್ಲ," ಎಂದಳು. "ನೀ ಬರದಿಲ್ಲ."